ಹರಿದ ಫೋಟೊ: ಪೋರ್ಚುಗಲ್ ಮನೆಗೆ ತಂದುಕೊಂಡ ಯುದ್ಧ

ಕಾರವಾರದ ದಕ್ಷಿಣಕ್ಕಿರುವ ಬಿಣಗಾದ ಕಡಲದಂಡೆಯಲ್ಲಿ ನಿಂತರೆ ಎದುರಿಗೇ ಅಂಜದೀವ್ ದ್ವೀಪ ಕಾಣುತ್ತದೆ. ಈಗ ಅದು ನೌಕಾನೆಲೆಯ ಭಾಗ. 1961ರ ಡಿಸೆಂಬರಿನವರೆಗೆ ಅದು ಪೋರ್ಚುಗೀಸರ ಕೈಯಲ್ಲಿತ್ತು. ನನ್ನ ಅಜ್ಜನ ಮನೆ ಆ ಊರಿನಲ್ಲಿ. ದ್ವೀಪದ ಮಾತು ಬಂದಾಗಲೆಲ್ಲ ಅಜ್ಜ ಹೇಳುತ್ತಿದ್ದುದು ಒಂದೇ ಸಾಲು: "ಅಟ್ಟದ ಮೇಲಿನ ಪಾತ್ರೆ ಗಡಗಡ ಅಂದ್ವು ತಮಾ." ಡಿಸೆಂಬರ್ 18ರಂದು ದ್ವೀಪಕ್ಕೆ ಇಳಿಯಲು ಹೋದ ನಮ್ಮ ನೌಕಾಪಡೆಯವರಲ್ಲಿ 7 ಮಂದಿ ಅಲ್ಲಿಯೇ ಸತ್ತರು. ಮರುದಿನ ಗೋವಾದ ಪೋರ್ಚುಗೀಸ್ ಗವರ್ನರ್ ಜನರಲ್ ಶರಣಾದರು. ಶಾಲೆಯ ಇತಿಹಾಸದ ಪುಸ್ತಕದಲ್ಲಿ ಇದಕ್ಕೆ ಅರ್ಧ ಪುಟ. ನಾನು ಈಗ ಇರುವ ಪುಣೆಯಲ್ಲಿ ದಕ್ಷಿಣ ಕಮಾಂಡಿನ ಮುಖ್ಯ ಕಚೇರಿ ಇದೆ. ಆ ಕಾರ್ಯಾಚರಣೆಯನ್ನು ನಡೆಸಿದ್ದು ಅದೇ ಕಮಾಂಡು. ಆ ಗೇಟಿನ ಮುಂದೆ ದಿನಾ ಬೈಕಿನಲ್ಲಿ ಹೋಗುತ್ತಿದ್ದ ನನಗೂ ಗೋವಾ ಎಂದರೆ ಎರಡು ದಿನದೊಳಗೆ ಮುಗಿದ ಕತೆಯೇ ಆಗಿತ್ತು.

ಆ ಕತೆ ಆಚೆ ಬದಿಯಲ್ಲಿ ಮುಗಿದಿರಲಿಲ್ಲ ಎಂದು ಗೊತ್ತಾದದ್ದು ಕೆಲವು ವರ್ಷಗಳ ಹಿಂದೆ, ಒಂದು ಪ್ರಾಜೆಕ್ಟಿಗಾಗಿ ಎರಡು ತಿಂಗಳು ಲಿಸ್ಬನ್ನಿನಲ್ಲಿ ಇದ್ದಾಗ. ನಮ್ಮ ತಂಡದಲ್ಲಿ ಟೆಸ್ಟಿಂಗ್ ನೋಡಿಕೊಳ್ಳುತ್ತಿದ್ದ ಹೆಂಗಸು ಫೋನಿನಲ್ಲಿ ಅಣ್ಣನ ಜೊತೆ ಫ್ರೆಂಚಿನಲ್ಲಿ ಮಾತಾಡುತ್ತಿದ್ದರು. ಯಾಕೆಂದು ಕೇಳಿದೆ. "ನಾವಿಬ್ಬರೂ ಹುಟ್ಟಿದ್ದು ಪ್ಯಾರಿಸ್ಸಿನ ಹೊರಗಿನ ಜೋಪಡಿಯಲ್ಲಿ. ಅಪ್ಪ ಸೈನ್ಯಕ್ಕೆ ಹೆದರಿ ಓಡಿಹೋಗಿದ್ದ," ಎಂದರು. ಒಂದು ಭಾನುವಾರ ಊಟಕ್ಕೆ ತಮ್ಮ ಅಪ್ಪ ಅಮ್ಮನ ಮನೆಗೆ ಕರೆದರು. ಅಲ್ಲಿ ಅವರ ಚಿಕ್ಕಪ್ಪನೂ ಇದ್ದರು. ಓಡಿಹೋಗದೆ ಆಫ್ರಿಕಾಕ್ಕೆ ಹೋಗಿ ಬಂದ ತಮ್ಮ. ಅಣ್ಣ ತಮ್ಮಂದಿರು ಮೇಜಿನ ಎರಡು ತುದಿಯಲ್ಲಿ ಕೂತಿದ್ದರು. ನಡುವೆ ಸುಮಾರು ಇಪ್ಪತ್ತು ವರ್ಷ ಅವರು ಒಬ್ಬರಿಗೊಬ್ಬರು ಮಾತೇ ಆಡಿರಲಿಲ್ಲವಂತೆ.

ಅಲ್ಲಿಂದ ಬಂದ ಮೇಲೆ ಸಿಕ್ಕಿದ್ದನ್ನೆಲ್ಲ ಓದುತ್ತ ಹೋದೆ. ದೂರದ ನೆಲದಲ್ಲಿ ವರ್ಷಗಟ್ಟಲೆ ನಡೆಯುವ ಯುದ್ಧ ಅದನ್ನು ನಡೆಸುವವರ ಸ್ವಂತ ಮನೆಗೆ ಏನು ಮಾಡುತ್ತದೆ ಎಂಬುದಕ್ಕೆ ಪೋರ್ಚುಗಲ್ಲಿನಷ್ಟು ಸ್ಪಷ್ಟವಾದ ಉದಾಹರಣೆ ಕಡಿಮೆ. ಅದರ ಮೊದಲ ಅಧ್ಯಾಯ ನಮ್ಮ ಕರಾವಳಿಯಲ್ಲೇ ಇದೆ.

ಗೋವಾದಲ್ಲಿದ್ದ ಪೋರ್ಚುಗೀಸ್ ಸೈನಿಕರು ಮೂರೂವರೆ ಸಾವಿರದ ಆಸುಪಾಸು. ಬಳಕೆಗೆ ಬರುವ ವಿಮಾನಬಲ ಇರಲಿಲ್ಲ. ಕಾದಾಡಲು ಇದ್ದದ್ದು ಒಂದು ಹಳೆಯ ಯುದ್ಧನೌಕೆ. ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವ ಅವರಿಗೆ ಡಿಸೆಂಬರ್ 14ರಂದು ಲಿಸ್ಬನ್ನಿನಿಂದ ಸರ್ವಾಧಿಕಾರಿ ಸಲಜಾರ್‌ನ ತಂತಿ ಬಂತು. ಅದರ ತಾತ್ಪರ್ಯ ಇಷ್ಟೆ: ಸಂಧಾನ ಬೇಡ, ಸೆರೆಯಾಳುಗಳು ಬೇಡ, ನಮ್ಮ ಸೈನಿಕ ಗೆದ್ದಿರಬೇಕು, ಇಲ್ಲವೇ ಸತ್ತಿರಬೇಕು. ವಸ್ಸಾಲೊ ಇ ಸಿಲ್ವ ಲೆಕ್ಕ ಹಾಕಿ ನೋಡಿ 19ರಂದು ಶರಣಾದರು. ಸಾವಿರಾರು ಜೀವ ಉಳಿಯಿತು, ಹಳೆಯ ಗೋವಾದ ಚರ್ಚುಗಳೂ ಉಳಿದವು.

ಸೆರೆಯಾದ ಸೈನಿಕರು 1962ರ ಮೇ ತಿಂಗಳಲ್ಲಿ ಊರಿಗೆ ಮರಳಿದಾಗ ಅವರನ್ನು ಅಪರಾಧಿಗಳಂತೆ ನಡೆಸಿಕೊಂಡರು. 1963ರ ಮಾರ್ಚಿನಲ್ಲಿ ವಸ್ಸಾಲೊ ಇ ಸಿಲ್ವ ಮತ್ತು ಇನ್ನು ಕೆಲವು ಅಧಿಕಾರಿಗಳನ್ನು ಸೈನ್ಯದಿಂದ ಹೊರಹಾಕಿದರು. ಆಗದ ಕೆಲಸವನ್ನು ಆಗದು ಎಂದು ಒಪ್ಪಿಕೊಂಡವನಿಗೆ ಸಿಕ್ಕ ಬಹುಮಾನ ಅದು. ಉಳಿದ ಅಧಿಕಾರಿಗಳೆಲ್ಲ ಇದನ್ನು ನೋಡಿದರು. ಸೋತರೆ ತಪ್ಪು ತಮ್ಮ ತಲೆಗೇ ಬರುತ್ತದೆ ಎಂಬ ಪಾಠವನ್ನು ಅವರು ಮರೆಯಲಿಲ್ಲ.

ಗೋವಾ ಕೈಬಿಡುವ ಹೊತ್ತಿಗೆ ಆಫ್ರಿಕಾದಲ್ಲಿ ಯುದ್ಧ ಆಗಲೇ ಶುರುವಾಗಿತ್ತು. 1961ರ ಫೆಬ್ರವರಿಯಲ್ಲಿ ಅಂಗೋಲದ ರಾಜಧಾನಿ ಲುವಾಂಡದಲ್ಲಿ ಬಂಡಾಯ ಎದ್ದಿತು. ಮಾರ್ಚಿನಲ್ಲಿ ಅಂಗೋಲದ ಉತ್ತರ ಭಾಗದ ಕಾಫಿ ತೋಟಗಳಲ್ಲಿ ಭೀಕರ ಹತ್ಯಾಕಾಂಡ ನಡೆಯಿತು, ಅದಕ್ಕೆ ಪ್ರತಿಯಾಗಿ ಅದಕ್ಕಿಂತ ದೊಡ್ಡ ಹತ್ಯಾಕಾಂಡವೂ ನಡೆಯಿತು. 1963ರಲ್ಲಿ ಗಿನಿ-ಬಿಸಾವ್, 1964ರಲ್ಲಿ ಮೊಜಾಂಬಿಕ್. ಹೀಗೆ ಒಂದು ಕೋಟಿಯೂ ಜನರಿಲ್ಲದ, ಪಶ್ಚಿಮ ಯುರೋಪಿನ ಬಡ ದೇಶ ಸಾವಿರಾರು ಮೈಲಿ ದೂರದ ಮೂರು ಕಡೆ ಒಟ್ಟಿಗೆ ಕಾದಾಡತೊಡಗಿತು.

ಅದು ಪರದೇಶದ ಯುದ್ಧವೇ ಅಲ್ಲ ಎಂಬುದು ಸಲಜಾರ್ ಸರ್ಕಾರದ ವಾದ. 1951ರಲ್ಲಿಯೇ ಕಾಗದದ ಮೇಲೆ ವಸಾಹತು ಎಂಬ ಪದವನ್ನು ಅಳಿಸಿ 'ಸಮುದ್ರದಾಚೆಯ ಪ್ರಾಂತ್ಯ' ಎಂದು ಬರೆದಿದ್ದರು. ಪ್ರಾಂತ್ಯದಲ್ಲಿ ನಡೆಯುವುದು ಯುದ್ಧ ಹೇಗಾದೀತು? ಅದು ಕಾನೂನು ಸುವ್ಯವಸ್ಥೆಯ ಕೆಲಸ. ಬ್ರಿಟನ್ ಮತ್ತು ಫ್ರಾನ್ಸಿನಂಥ ದೊಡ್ಡ ದೇಶಗಳು ವಸಾಹತುಗಳನ್ನು ಬಿಟ್ಟು ಹೋಗುತ್ತಿದ್ದ ಕಾಲ ಅದು. ಸೈನಿಕ ಬಲದಿಂದ ಇದು ಬಗೆಹರಿಯುವುದಿಲ್ಲ ಎಂದು ಒಳಗಿನವರೇ ಹೇಳಿದ್ದುಂಟು. 1961ರ ಏಪ್ರಿಲಿನಲ್ಲಿ ಸ್ವತಃ ರಕ್ಷಣಾ ಮಂತ್ರಿಯಾಗಿದ್ದ ಬೊತೆಲ್ಯೊ ಮೊನಿಜ್ ಸಲಜಾರ್‌ನನ್ನು ಇಳಿಸಲು ನೋಡಿದರು. ಆ ಪ್ರಯತ್ನ ವಿಫಲವಾಯಿತು. ಸಲಜಾರ್ ರಕ್ಷಣಾ ಖಾತೆಯನ್ನು ತಾನೇ ಇಟ್ಟುಕೊಂಡು ಅಂಗೋಲಕ್ಕೆ ಸೈನ್ಯ ಕಳಿಸಿದ. ಅಲ್ಲಿಂದ ಮುಂದೆ 13 ವರ್ಷ.

ಅಷ್ಟು ವರ್ಷದಲ್ಲಿ ಪೋರ್ಚುಗಲ್ಲಿನಿಂದ ಸುಮಾರು 8 ಲಕ್ಷ ಯುವಕರು ಆಫ್ರಿಕಾಕ್ಕೆ ಹೋದರು. ಪೋರ್ಚುಗೀಸ್ ಪಡೆಗಳಲ್ಲಿ ಸತ್ತವರು 8 ಸಾವಿರಕ್ಕೂ ಹೆಚ್ಚು. ಆಫ್ರಿಕಾದವರ ಸಾವು ಇದರ ಎಷ್ಟೋ ಪಟ್ಟು. ಆ ಲೆಕ್ಕ ಬೇರೆಯೇ ಒಂದು ಲೇಖನಕ್ಕಾಗುವಷ್ಟಿದೆ. ಇಲ್ಲಿ ನಾನು ಕೇಳುತ್ತಿರುವ ಪ್ರಶ್ನೆ, ಯುದ್ಧ ನಡೆಸಿದವರ ಮನೆಯಲ್ಲಿ ಏನಾಯಿತು ಎಂಬುದು.

ಮೊದಲು ಮನೆಗಳು ಖಾಲಿಯಾದವು. ಕಡ್ಡಾಯ ಸೇವೆ ಎಂದರೆ ತರಬೇತಿ, ಕಾಯುವುದು, ಆಫ್ರಿಕಾದಲ್ಲಿ ಎರಡು ವರ್ಷ, ಎಲ್ಲ ಸೇರಿ ಮೂರರಿಂದ ನಾಲ್ಕು ವರ್ಷ. ಹೊಲದಲ್ಲಿ ದುಡಿಯುವ ಕೈ, ಮದುವೆಯಾಗುವ ವಯಸ್ಸು ಎರಡೂ ಆಗಲೇ. ಇದರಿಂದ ತಪ್ಪಿಸಿಕೊಳ್ಳಲು ಒಂದೇ ದಾರಿ ಇತ್ತು: ದೇಶ ಬಿಡುವುದು. ಸೈನ್ಯದ ವಯಸ್ಸಿನ ಹುಡುಗರಿಗೆ ಪಾಸ್‌ಪೋರ್ಟ್ ಕೊಡುತ್ತಿರಲಿಲ್ಲ. ಆದ್ದರಿಂದ ಕದ್ದು ಗಡಿ ದಾಟಬೇಕು. ಸ್ಪೇನನ್ನು ಹಾದು ಪಿರನೀಸ್ ಬೆಟ್ಟ ಹತ್ತಿ ಇಳಿದರೆ ಫ್ರಾನ್ಸ್. ಇದಕ್ಕೆ ಅವರು ಇಟ್ಟ ಹೆಸರು 'ಜಿಗಿತ'.

ಜಿಗಿಸುವ ದಲ್ಲಾಳಿಗಳಿದ್ದರು. ಹಣಕ್ಕೆ ಭರವಸೆ ಏನು? ಹೊರಡುವವನ ಒಂದು ಫೋಟೊ ತೆಗೆಸಿ ಎರಡು ತುಂಡು ಮಾಡುತ್ತಿದ್ದರು. ಒಂದರ್ಧ ಮನೆಯವರ ಬಳಿ, ಇನ್ನರ್ಧ ಅವನ ಜೇಬಿನಲ್ಲಿ. ಫ್ರಾನ್ಸ್ ಮುಟ್ಟಿದ ಮೇಲೆ ಅವನು ತನ್ನ ಅರ್ಧವನ್ನು ಅಂಚೆಯಲ್ಲಿ ಕಳಿಸುತ್ತಾನೆ. ಎರಡೂ ತುಂಡು ಕೂಡಿದರೆ ಮಗ ಜೀವಂತ ಇದ್ದಾನೆ ಎಂದು ಅರ್ಥ. ದಲ್ಲಾಳಿಗೆ ಬಾಕಿ ಹಣ ಕೊಡುತ್ತಾರೆ. ಫೋಟೊ ಬರದಿದ್ದರೆ ಹಣವೂ ಇಲ್ಲ.

ಎಲ್ಲರೂ ಯುದ್ಧಕ್ಕೆ ಹೆದರಿಯೇ ಹೋದರು ಎನ್ನಲಾಗದು. ಬಡತನವೇ ದೊಡ್ಡ ಕಾರಣ, ಫ್ರಾನ್ಸಿನಲ್ಲಿ ಕೂಲಿ ಎಷ್ಟೋ ಪಟ್ಟು ಹೆಚ್ಚು. ಆದರೆ ನಾಳೆ ನಾಡಿದ್ದು ಹೋದರಾಯಿತು ಎಂದುಕೊಳ್ಳುತ್ತಿದ್ದವನನ್ನು ಇವತ್ತೇ ಹೊರಡಿಸಿದ್ದು ಸೈನ್ಯದ ಕರೆ. ಯುದ್ಧದ ಕೊನೆಯ ವರ್ಷಗಳಲ್ಲಿ ಕರೆ ಬಂದ ಐವರಲ್ಲಿ ಸುಮಾರು ಒಬ್ಬ ಹಾಜರಾಗುತ್ತಲೇ ಇರಲಿಲ್ಲ. 1960ರಿಂದ 1974ರ ಒಳಗೆ ಹತ್ತು ಲಕ್ಷಕ್ಕೂ ಮಿಕ್ಕಿ ಜನ ದೇಶ ಬಿಟ್ಟರು. ಪ್ಯಾರಿಸ್ಸಿನ ಹೊರಗಿನ ಶಾಂಪಿನ್ಯಿ ಎಂಬಲ್ಲಿ ಕೆಸರಿನ ನಡುವೆ ಸಾವಿರಾರು ಪೋರ್ಚುಗೀಸರ ಜೋಪಡಿಗಳು ಎದ್ದವು. ನನ್ನ ಸಹೋದ್ಯೋಗಿ ಹುಟ್ಟಿದ್ದು ಅಲ್ಲಿ. 1960ರ ಜನಗಣತಿಯಲ್ಲಿ ಸುಮಾರು 89 ಲಕ್ಷ ಇದ್ದ ದೇಶದ ಜನಸಂಖ್ಯೆ 1970ರಲ್ಲಿ 86 ಲಕ್ಷದ ಆಸುಪಾಸಿಗೆ ಇಳಿಯಿತು. ಜಗತ್ತಿನ ಜನಸಂಖ್ಯೆಯೆಲ್ಲ ಏರುತ್ತಿದ್ದ ದಶಕ ಅದು.

ನಮ್ಮಂಥ ವಲಸೆಗಾರರಿಗೆ ಮುಂದಿನದು ಸುಲಭವಾಗಿ ಅರ್ಥವಾಗುತ್ತದೆ. ಹೋದವರು ಹಣ ಕಳಿಸಿದರು. ಆ ವಿದೇಶಿ ಹಣದಿಂದ ಸರ್ಕಾರದ ಖಜಾನೆ ನಿಂತಿತು. ಅಂದರೆ ಯುದ್ಧದಿಂದ ತಪ್ಪಿಸಿಕೊಂಡು ಓಡಿದವನ ದುಡಿಮೆಯೂ ಸುತ್ತಿ ಬಳಸಿ ಯುದ್ಧ ನಡೆಸುವವರ ಕೈ ಬಲಪಡಿಸಿತು. ಒಳನಾಡಿನ ಹಳ್ಳಿಗಳಲ್ಲಿ ಮುದುಕರು, ಹೆಂಗಸರು, ಮಕ್ಕಳು ಉಳಿದರು. ಇವತ್ತು ಪೋರ್ಚುಗಲ್ ಯುರೋಪಿನ ಅತಿ ವಯಸ್ಸಾದ ದೇಶಗಳಲ್ಲಿ ಒಂದು. ಅದಕ್ಕೆ ಕಾರಣ ಹಲವು. ಆದರೆ ಒಳನಾಡಿನ ಎಷ್ಟೋ ಹಳ್ಳಿ ಖಾಲಿಯಾಗತೊಡಗಿದ್ದು ಆ ಹದಿಮೂರು ವರ್ಷದಲ್ಲಿ.

ಗಂಡಸರಿಲ್ಲದ ಕಡೆ ಹೆಂಗಸರು ಕೆಲಸಕ್ಕೆ ಇಳಿದರು. ಹೆಂಡತಿ ವಿದೇಶಕ್ಕೆ ಹೋಗಲು ಗಂಡನ ಒಪ್ಪಿಗೆ ಬೇಕಿದ್ದ, ಹೆಂಗಸರು ಮನೆಯಲ್ಲಿರಲಿ ಎಂದು ಸರ್ಕಾರವೇ ಬೋಧಿಸುತ್ತಿದ್ದ ದೇಶದಲ್ಲಿ ಕಾರ್ಖಾನೆ, ಕಚೇರಿಗಳ ಬಾಗಿಲು ಅವರಿಗೆ ತೆರೆದದ್ದು ಹೀಗೆ. ದಕ್ಷಿಣ ಯುರೋಪಿನ ನೆರೆಹೊರೆಯ ದೇಶಗಳಿಗಿಂತ ಪೋರ್ಚುಗಲ್ಲಿನಲ್ಲಿ ದುಡಿಯುವ ಹೆಂಗಸರು ಬಹುಕಾಲ ಹೆಚ್ಚಿದ್ದರು. ಅದರ ಬೇರು ಇಲ್ಲಿದೆ ಎನ್ನುತ್ತಾರೆ ಬಲ್ಲವರು. ಲಿಸ್ಬನ್ನಿನಲ್ಲಿ ಕಟ್ಟಡ ಕಟ್ಟುವ ಕೈ ಸಾಲದೆ ಕೇಪ್ ವರ್ಡೆ ದ್ವೀಪಗಳಿಂದ ಕೂಲಿಗಳನ್ನು ಕರೆಸಿದರು. ಆಫ್ರಿಕಾವನ್ನು ಹಿಡಿದಿಡಲು ಮಕ್ಕಳನ್ನು ಕಳಿಸಿದ ದೇಶ ತನ್ನ ರಾಜಧಾನಿಯನ್ನು ಕಟ್ಟಲು ಆಫ್ರಿಕಾದವರನ್ನೇ ಕರೆಸಿಕೊಳ್ಳಬೇಕಾಯಿತು.

ಇನ್ನು ಹಣ. ಇಲ್ಲಿ ನಾನು ನಿರೀಕ್ಷಿಸಿದ್ದೇ ಬೇರೆ. ಯುದ್ಧ ಮಾಡಿ ದೇಶ ದಿವಾಳಿಯಾಯಿತು ಎಂದು ಬರೆಯಬಹುದು ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಸಲಜಾರ್ ಮೂಲತಃ ಅರ್ಥಶಾಸ್ತ್ರದ ಮೇಷ್ಟ್ರು, ಕಾಸಿಗೆ ಕಾಸು ಕೂಡಿಸುವವನು. 1960ರ ದಶಕದಲ್ಲಿ ಆರ್ಥಿಕತೆ ಚೆನ್ನಾಗಿಯೇ ಬೆಳೆಯಿತು. ಆದರೆ ಸರ್ಕಾರದ ಖರ್ಚಿನ ಹೆಚ್ಚುಕಡಿಮೆ ಶೇಕಡ 40 ಭಾಗ ಸೈನ್ಯಕ್ಕೆ ಹೋಗುತ್ತಿತ್ತು. ಕಟ್ಟದೇ ಉಳಿದ ಶಾಲೆ, ತೆರೆಯದೇ ಉಳಿದ ಆಸ್ಪತ್ರೆ ಯಾವ ಲೆಕ್ಕದ ಪುಸ್ತಕದಲ್ಲೂ ನಷ್ಟ ಎಂದು ಬರೆಯಲ್ಪಡುವುದಿಲ್ಲ. 1970ರಲ್ಲಿಯೂ ಪೋರ್ಚುಗಲ್ಲಿನಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಓದು ಬರಹ ಬರುತ್ತಿರಲಿಲ್ಲ. ಆ ಕೊರತೆಯನ್ನು ತುಂಬಿಕೊಳ್ಳಲು ಮುಂದಿನ ಎರಡು ತಲೆಮಾರು ಬೇಕಾಯಿತು.

ಮೂರನೆಯದು ಮೌನ. ಪತ್ರಿಕೆಗಳ ಮೇಲೆ ಸೆನ್ಸಾರ್, ಬೀದಿಯಲ್ಲಿ ಗುಪ್ತ ಪೊಲೀಸರು. ಸತ್ತವರ ಸುದ್ದಿ ನಾಲ್ಕು ಸಾಲಿನಲ್ಲಿ ಮುಗಿಯುತ್ತಿತ್ತು. ಮೊದಲ ವರ್ಷಗಳಲ್ಲಿ ಮಗನ ಶವವನ್ನು ಊರಿಗೆ ತರಿಸುವ ಖರ್ಚು ಮನೆಯವರದೇ. ಬಡವರ ಮಕ್ಕಳು ಆಫ್ರಿಕಾದ ಮಣ್ಣಿನಲ್ಲೇ ಉಳಿದರು. ಕಾಗದ ಬರೆಯಲು ಸೈನಿಕರಿಗೆ ಏರೋಗ್ರಾಮ್ ಪುಕ್ಕಟೆ ಸಿಗುತ್ತಿತ್ತು. ನಮ್ಮ ಇನ್‌ಲ್ಯಾಂಡ್ ಲೆಟರಿನ ಹಾಗೆ ಮಡಿಸಿ ಅಂಟಿಸುವ ತೆಳ್ಳನೆ ಕಾಗದ. ಕ್ರಿಸ್‌ಮಸ್ ಹೊತ್ತಿಗೆ ಟಿವಿಯವರು ಕ್ಯಾಮೆರಾ ತೆಗೆದುಕೊಂಡು ಕಾಡಿಗೆ ಹೋಗುತ್ತಿದ್ದರು. ಸೈನಿಕರು ಸಾಲಾಗಿ ಬಂದು ಹೆಸರು ಹೇಳಿ, ಅಪ್ಪ ಅಮ್ಮ ಹೆಂಡತಿ ಮಕ್ಕಳಿಗೆ ಹಬ್ಬದ ಶುಭಾಶಯ ಹೇಳಿ, ತಿರುಗಿ ಬರುವವರೆಗೆ ಹೋಗಿ ಬರುತ್ತೇನೆ ಎಂದು ಮುಗಿಸುತ್ತಿದ್ದರು. ಎಲ್ಲರದೂ ಅದೇ ಮಾತು. ಕೆಲವು ಮನೆಗಳಲ್ಲಿ ಆ ಮುಖ ಟಿವಿಯಲ್ಲಿ ಕಾಣುವ ಹೊತ್ತಿಗೆ ಹುಡುಗ ಬದುಕಿರುತ್ತಿರಲಿಲ್ಲ ಎಂದು ಹೇಳುತ್ತಾರೆ.

ಹೀಗೆ ಬಾಯಿ ಮುಚ್ಚಿಸಿಕೊಂಡು ಬಂದವರು ಯುದ್ಧ ಮುಗಿದ ಮೇಲೂ ಬಾಯಿ ಬಿಡಲಿಲ್ಲ. 1974ರ ನಂತರದ ಹೊಸ ದೇಶಕ್ಕೂ ಅವರ ಮಾತು ಬೇಡವಾಗಿತ್ತು. ಹಳೆಯ ಆಡಳಿತಕ್ಕೆ ಅದು ಯುದ್ಧವಲ್ಲ, ಹೊಸ ಆಡಳಿತಕ್ಕೆ ಅದು ನಾಚಿಕೆ. ಅಂಗೋಲದಲ್ಲಿ ಸೈನ್ಯದ ಡಾಕ್ಟರಾಗಿದ್ದ ಅಂತೋನಿಯೊ ಲೋಬೊ ಅಂತೂನಿಶ್ 1979ರಲ್ಲಿ ಆ ಅನುಭವವನ್ನು ಕಾದಂಬರಿ ಮಾಡಿದರು. ಆದರೆ ರಾತ್ರಿ ಬೆಚ್ಚಿ ಏಳುವ, ಕುಡಿಯುವ, ಹೆಂಡತಿ ಮಕ್ಕಳನ್ನು ಹೊಡೆಯುವ ಸಾವಿರಾರು ಮಾಜಿ ಸೈನಿಕರ ಕಾಯಿಲೆಗೆ ಯುದ್ಧವೇ ಕಾರಣ ಎಂದು ಕಾನೂನು ಒಪ್ಪಿ ಚಿಕಿತ್ಸೆಯ ವ್ಯವಸ್ಥೆಗೆ ಮುಂದಾದದ್ದು 1999ರಲ್ಲಿ. ಯುದ್ಧ ನಿಂತು ಇಪ್ಪತ್ತೈದು ವರ್ಷವಾದ ಮೇಲೆ. ಆ ವೇಳೆಗೆ ಅವರ ಮಕ್ಕಳೂ ಬೆಳೆದು ದೊಡ್ಡವರಾಗಿದ್ದರು.

ನಾಲ್ಕನೆಯ ಪರಿಣಾಮವನ್ನು ಸಲಜಾರ್ ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ. ಅವನ ಆಡಳಿತದ ಕಂಬವೇ ಸೈನ್ಯ. ಯುದ್ಧ ಆ ಕಂಬವನ್ನೇ ತಿಂದಿತು. ಒಮ್ಮೆ ಅಂಗೋಲ, ಊರಿಗೆ ಬಂದು ಸ್ವಲ್ಪ ದಿನಕ್ಕೆ ಗಿನಿ, ಮತ್ತೆ ಮೊಜಾಂಬಿಕ್, ಹೀಗೆ ಕ್ಯಾಪ್ಟನ್‌ಗಳ ಯೌವನ ಕಳೆಯಿತು. ಸೈನಿಕ ಅಕಾಡೆಮಿಗೆ ಸೇರುವವರೇ ಇಲ್ಲದಂತಾಗಿ ಸೀಟುಗಳು ಖಾಲಿ ಬಿದ್ದವು. ಕೊರತೆ ತುಂಬಲು 1973ರ ಜುಲೈಯಲ್ಲಿ ಸರ್ಕಾರ ಒಂದು ಆದೇಶ ಹೊರಡಿಸಿತು: ಕಡ್ಡಾಯ ಸೇವೆಗೆ ಬಂದ ಅಧಿಕಾರಿಗಳು ಚಿಕ್ಕ ಕೋರ್ಸು ಮುಗಿಸಿ ಕಾಯಂ ಅಧಿಕಾರಿಗಳಾಗಬಹುದು, ಹಿಂದಿನ ಸೇವೆಯೂ ಸೀನಿಯಾರಿಟಿಗೆ ಸೇರುತ್ತದೆ. ವರ್ಷಗಟ್ಟಲೆ ಕಾಡಿನಲ್ಲಿ ಸವೆದ ಕಾಯಂ ಕ್ಯಾಪ್ಟನ್‌ಗಳು ಸಿಟ್ಟಾದರು. ಸೆಪ್ಟೆಂಬರಿನಲ್ಲಿ ಗುಟ್ಟಾಗಿ ಸಭೆ ಸೇರಿದರು. ಬಡ್ತಿಯ ತಕರಾರಿನಿಂದ ಹೊರಟ ಮಾತು ಕೆಲವೇ ತಿಂಗಳಲ್ಲಿ ಈ ಯುದ್ಧ ಯಾಕೆ, ಈ ಸರ್ಕಾರ ಯಾಕೆ ಎನ್ನುವಲ್ಲಿಗೆ ಬಂತು.

ಗೋವಾ ಮತ್ತೆ ಬರುವುದು ಇಲ್ಲಿ. ಗಿನಿಯಲ್ಲಿ ಪರಿಸ್ಥಿತಿ ಕೈಮೀರಿತ್ತು. 1973ರ ಮಾರ್ಚಿನಿಂದ ಗೆರಿಲ್ಲಾಗಳ ಬಳಿ ಸೋವಿಯತ್ ಸ್ಟ್ರೇಲಾ ಕ್ಷಿಪಣಿಗಳಿದ್ದವು; ಪೋರ್ಚುಗೀಸ್ ವಿಮಾನಗಳು ಉದುರತೊಡಗಿದವು. ಮೇ ತಿಂಗಳಲ್ಲಿ ಮುತ್ತಿಗೆಗೆ ಸಿಕ್ಕಿದ ಗಿಲೆಜ್ ಎಂಬ ಠಾಣೆಯಿಂದ ಅದರ ಮೇಜರ್ ತನ್ನ ಜನರನ್ನೂ ಅಲ್ಲಿಯ ಹಳ್ಳಿಗರನ್ನೂ ಜೀವಸಹಿತ ಹೊರಗೆ ತಂದರು, ಮೇಲಿನವರ ಅನುಮತಿ ಇಲ್ಲದೆ. ಅವರನ್ನು ಜೈಲಿಗೆ ಹಾಕಿದರು. ಹನ್ನೆರಡು ವರ್ಷದ ಹಿಂದಿನ ವಸ್ಸಾಲೊ ಇ ಸಿಲ್ವರ ಕತೆಯೇ ಮರುಕಳಿಸಿತ್ತು. ಗಿನಿಯ ಗವರ್ನರ್ ಜನರಲ್ ಸ್ಪಿನೊಲಾ 1972ರಲ್ಲಿ ಸೆನೆಗಲ್ಲಿನ ಅಧ್ಯಕ್ಷರ ಮೂಲಕ ಸಂಧಾನಕ್ಕೆ ದಾರಿ ಮಾಡಿಕೊಂಡಿದ್ದರು. ಸಲಜಾರ್‌ನ ನಂತರ ಪ್ರಧಾನಿಯಾಗಿದ್ದ ಕಯೆಟಾನೊ ಒಪ್ಪಲಿಲ್ಲ. ಸಂಧಾನ ಮಾಡಿಕೊಳ್ಳುವುದಕ್ಕಿಂತ ಸೈನ್ಯ ಸೋತರೂ ಆದೀತು ಎಂಬ ನಿಲುವು ಅವರದು. ಸೋತ ಮೇಲೆ ತಪ್ಪು ಯಾರದ್ದಾಗುತ್ತದೆ ಎಂಬುದು ಅಧಿಕಾರಿಗಳಿಗೆ ಗೋವಾದಿಂದಲೇ ಗೊತ್ತಿತ್ತು. 'ಇನ್ನೊಂದು ಗೋವಾ' ಎಂಬುದು ಅವರ ನಡುವೆ ಓಡಾಡುತ್ತಿದ್ದ ಭಯದ ಹೆಸರು.

ಆ ಭಾನುವಾರದ ಊಟದಲ್ಲಿ ಚಿಕ್ಕಪ್ಪ ನನ್ನ ಊರು ಯಾವುದೆಂದು ಕೇಳಿದರು. ಗೋವಾದ ಪಕ್ಕ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗಿನಿಯಲ್ಲಿ ನಮ್ಮ ಕ್ಯಾಪ್ಟನ್ ರೇಗಿದಾಗಲೆಲ್ಲ ಆ ಹೆಸರು ಹೇಳುತ್ತಿದ್ದರು. ಅದೆಲ್ಲಿದೆ ಅಂತ ಆಗ ನಮಗೆ ಸರಿಯಾಗಿ ಗೊತ್ತಿರಲಿಲ್ಲ," ಎಂದರು. ಯುದ್ಧದ ಬಗ್ಗೆ ಅವರು ಅಷ್ಟು ಮಾತಾಡಿದ್ದನ್ನು ತಾನು ಕೇಳಿದ್ದು ಅದೇ ಮೊದಲು ಎಂದು ಸಹೋದ್ಯೋಗಿ ಆಮೇಲೆ ಹೇಳಿದರು.

1974ರ ಏಪ್ರಿಲ್ 25ರ ನಸುಕಿನಲ್ಲಿ ರೇಡಿಯೊದಲ್ಲಿ ಮೊದಲೇ ಗೊತ್ತುಮಾಡಿಕೊಂಡ ಹಾಡು ಬಂತು, ಸೈನ್ಯದ ತುಕಡಿಗಳು ಹೊರಟವು. ಸಂತಾರೆಮ್ ಊರಿನಿಂದ ಕವಚವಾಹನಗಳನ್ನು ಲಿಸ್ಬನ್ನಿಗೆ ತಂದ ಕ್ಯಾಪ್ಟನ್ ಸಾಲ್ಗೆಯಿರೊ ಮಾಯಾಗೆ 29 ವರ್ಷ. ಮೊಜಾಂಬಿಕ್, ಗಿನಿ ಎರಡನ್ನೂ ಕಂಡವರು. ಸಂಜೆಯ ಹೊತ್ತಿಗೆ ಕಯೆಟಾನೊ ಶರಣಾದರು. ಗುಪ್ತ ಪೊಲೀಸರ ಗುಂಡಿಗೆ ನಾಲ್ವರು ಸತ್ತದ್ದು ಬಿಟ್ಟರೆ ದೊಡ್ಡ ರಕ್ತಪಾತವಿಲ್ಲದೆ 48 ವರ್ಷದ ಸರ್ವಾಧಿಕಾರ ಮುಗಿಯಿತು. ಬಂದೂಕಿನ ನಳಿಗೆಗೆ ಕಾರ್ನೇಷನ್ ಹೂ ಸಿಕ್ಕಿಸಿದ ಚಿತ್ರ ನೀವೂ ನೋಡಿರುತ್ತೀರಿ. ಅದೇ ವರ್ಷ ವಸ್ಸಾಲೊ ಇ ಸಿಲ್ವರಿಗೆ ಅವರ ಸ್ಥಾನಮಾನ ಮರಳಿ ಸಿಕ್ಕಿತು. ಡಿಸೆಂಬರ್ 31ರಂದು ಗೋವಾ ಭಾರತದ್ದು ಎಂದು ಪೋರ್ಚುಗಲ್ ಬರೆದುಕೊಟ್ಟಿತು.

ಇಲ್ಲಿಗೇ ನಿಲ್ಲಿಸಿದರೆ ಕತೆ ಸುಖಾಂತ. ಆದರೆ ಹದಿಮೂರು ವರ್ಷ ಮುಂದೂಡಿದ್ದನ್ನೆಲ್ಲ ಒಂದೂವರೆ ವರ್ಷದಲ್ಲಿ ತೀರಿಸಬೇಕಾಯಿತು. 1975ರ ನವೆಂಬರಿನ ಒಳಗೆ ಆಫ್ರಿಕಾದ ಎಲ್ಲ ವಸಾಹತುಗಳೂ ಸ್ವತಂತ್ರವಾದವು. ಅಲ್ಲಿ ನೆಲೆಸಿದ್ದ ಸುಮಾರು 5 ಲಕ್ಷ ಪೋರ್ಚುಗೀಸರು ವಿಮಾನ, ಹಡಗು ಹತ್ತಿ ಬಂದಿಳಿದರು. ಅವರನ್ನು 'ಮರಳಿದವರು' ಎಂದು ಕರೆದರು. ಆಫ್ರಿಕಾದಲ್ಲೇ ಹುಟ್ಟಿ ಪೋರ್ಚುಗಲ್ ಕಾಣದವರೂ ಅವರಲ್ಲಿ ಬೇಕಾದಷ್ಟಿದ್ದರು. ಅವರು ಮರಳಿದ್ದಾದರೂ ಎಲ್ಲಿಗೆ? ಲಿಸ್ಬನ್ನಿನ ಬೆಲೆಮ್‌ನಲ್ಲಿ ನದಿಯ ದಡದ ಮೇಲೆ ಹಳೆಯ ನಾವಿಕರ ಸ್ಮಾರಕವಿದೆ. ವಾಸ್ಕೊ ಡ ಗಾಮನೂ ಅದರಲ್ಲಿದ್ದಾನೆ. ಅದರ ಸುತ್ತ ಈ ಜನರ ಮರದ ಪೆಟ್ಟಿಗೆಗಳನ್ನು ರಾಶಿ ಹಾಕಿದ ಫೋಟೊ ಒಂದಿದೆ. ಐದು ಶತಮಾನದ ಸಾಮ್ರಾಜ್ಯ ಗಂಟುಮೂಟೆ ಕಟ್ಟಿಕೊಂಡು ಹೊರಟಲ್ಲಿಗೇ ಬಂದು ನಿಂತಿತ್ತು.

ಎರಡು ವರ್ಷದಲ್ಲಿ ಆರು ತಾತ್ಕಾಲಿಕ ಸರ್ಕಾರಗಳು ಬಂದು ಹೋದವು. ಬ್ಯಾಂಕುಗಳ ರಾಷ್ಟ್ರೀಕರಣವಾಯಿತು, ದಕ್ಷಿಣದಲ್ಲಿ ಜಮೀನುಗಳ ವಶ ನಡೆಯಿತು, ಅಂತರ್ಯುದ್ಧವಾದೀತು ಎಂಬ ಭಯವೂ ಹುಟ್ಟಿತ್ತು. ದೇಶ ಎರಡು ಸಲ ಐಎಂಎಫ್ ಬಾಗಿಲಿಗೆ ಹೋಯಿತು. ಆದರೂ 1975ರ ಮೊದಲ ಮುಕ್ತ ಚುನಾವಣೆಯಲ್ಲಿ ಶೇಕಡ 91ಕ್ಕೂ ಹೆಚ್ಚು ಜನ ಮತ ಹಾಕಿದರು. ಮರಳಿ ಬಂದವರನ್ನು ಸಮಾಜ ಗೊಣಗಿಕೊಂಡೇ ಒಳಗೆ ಸೇರಿಸಿಕೊಂಡಿತು. ಎಲ್ಲರಿಗಿಂತ ಕೆಟ್ಟ ಗತಿ ಪೋರ್ಚುಗಲ್ಲಿನ ಪರ ಕಾದಾಡಿದ ಆಫ್ರಿಕಾದ ಸೈನಿಕರದು. ಅವರನ್ನು ಅಲ್ಲಿಯೇ ಬಿಟ್ಟು ಬಂದರು. ಗಿನಿಯಲ್ಲಿ ಅವರಲ್ಲಿ ಅನೇಕರನ್ನು ಹೊಸ ಸರ್ಕಾರ ಗುಂಡಿಕ್ಕಿ ಕೊಂದಿತು. ಅಂಗೋಲ, ಮೊಜಾಂಬಿಕ್ ಎರಡೂ ಮತ್ತೆ ಬಹುಕಾಲ ಅಂತರ್ಯುದ್ಧದಲ್ಲಿ ಬೆಂದವು.

ನನ್ನ ಕೆಲಸದಲ್ಲಿ ನಾವು ಪ್ರತಿ ವಾರ ಒಂದು ವರದಿ ಕಳಿಸುತ್ತೇವೆ: ಹಸಿರು, ಹಳದಿ, ಕೆಂಪು. ಕೆಂಪು ಎಂದು ಬರೆದವನಿಗೆ ಬೈಗುಳ ಬಿದ್ದರೆ ಮುಂದಿನ ವಾರದಿಂದ ಎಲ್ಲರೂ ಹಸಿರೇ ಬರೆಯುತ್ತಾರೆ. ಆಮೇಲೆ ಒಂದು ದಿನ ಎಲ್ಲವೂ ಒಟ್ಟಿಗೆ ಕುಸಿಯುತ್ತದೆ. ಗೋವಾದಲ್ಲಿ ಕೆಂಪು ಎಂದು ಬರೆದ ಅಧಿಕಾರಿಯನ್ನು ಹೊರಹಾಕಿದ ಸಲಜಾರ್‌ಗೆ ಕೊನೆಗೆ ಬಂದ ಗತಿ ನೋಡಿ. 1968ರಲ್ಲಿ ಕುರ್ಚಿಯಿಂದ ಬಿದ್ದು ಮಿದುಳಿಗೆ ಪೆಟ್ಟಾಗಿ ಅವನನ್ನು ಅಧಿಕಾರದಿಂದ ಇಳಿಸಿದರು. ಆದರೆ ಅದನ್ನು ಅವನಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. 1970ರಲ್ಲಿ ಸಾಯುವವರೆಗೂ ತಾನೇ ಪ್ರಧಾನಿ ಎಂಬ ನಂಬಿಕೆಯಲ್ಲಿ ಅವನನ್ನು ಇರಿಸಿದರು. ಪ್ರಾಜೆಕ್ಟಿಗೂ ಯುದ್ಧಕ್ಕೂ ಹೋಲಿಕೆ ಇಷ್ಟಕ್ಕೇ ನಿಲ್ಲಲಿ. ನಮ್ಮಲ್ಲಿ ಹೋಗುವುದು ಹಣ ಮಾತ್ರ.

ಎರಡು ಕಡೆ ಈ ಕತೆ ಮತ್ತೆ ನಮ್ಮತ್ತ ತಿರುಗುತ್ತದೆ. 2017ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಪ್ರವಾಸಿ ಭಾರತೀಯ ದಿವಸ ನಡೆದಾಗ ಮುಖ್ಯ ಅತಿಥಿಯಾಗಿ ಬಂದಿದ್ದವರು ಪೋರ್ಚುಗಲ್ಲಿನ ಪ್ರಧಾನಿ ಅಂತೋನಿಯೊ ಕೋಸ್ಟಾ. ಅವರ ತಂದೆ, ಲೇಖಕ ಒರ್ಲಾಂಡೊ ಡ ಕೋಸ್ಟಾ, ಮಡಗಾಂವದ ಮನೆತನದವರು. 1972ರ ಡಿಸೆಂಬರಿನಲ್ಲಿ ಮೊಜಾಂಬಿಕ್‌ನ ವಿರಿಯಾಮು ಎಂಬಲ್ಲಿ ಪೋರ್ಚುಗೀಸ್ ಸೈನಿಕರು ಹಳ್ಳಿಗರನ್ನು ಕೊಂದಿದ್ದರು. 2022ರಲ್ಲಿ ಮೊಜಾಂಬಿಕ್‌ಗೆ ಹೋದ ಕೋಸ್ಟಾ ಅದಕ್ಕೆ ಬಹಿರಂಗವಾಗಿ ಕ್ಷಮೆ ಕೇಳಿದರು. ಹತ್ತಿರ ಹತ್ತಿರ ಐವತ್ತು ವರ್ಷ ತಡವಾಗಿ. ಆ ಮಾತನ್ನು ಆಡಿದವರು ಗೋವಾದ ಮನೆತನದವರು ಎಂಬುದು ನನಗೆ ಬರಿಯ ಕಾಕತಾಳೀಯ ಅನ್ನಿಸುವುದಿಲ್ಲ.

ಇನ್ನೊಂದು, ಊಟ ಮುಗಿದ ಮೇಲೆ ಆ ಮನೆಯಲ್ಲಿ ಕಂಡದ್ದು. ಸಹೋದ್ಯೋಗಿಯ ಅಪ್ಪ ಒಳಗಿನಿಂದ ಒಂದು ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿ ತಂದರು. ತೀರಿಹೋದ ಅವರ ತಾಯಿಯದು. ಒಳಗೆ ಎರಡು ತುಂಡಾದ ಒಂದು ಫೋಟೊ ಇತ್ತು; ಹಿಂದಿನಿಂದ ಅಂಟುಪಟ್ಟಿ ಹಚ್ಚಿ ಕೂಡಿಸಿದ್ದರು. ಇಪ್ಪತ್ತರ ಹುಡುಗನ ಹಣೆಯಿಂದ ಗದ್ದದವರೆಗೆ ಒಂದು ಗೀರು. ಅದರ ಕೆಳಗೆ ಗಿನಿಯಿಂದ ಬಂದ ಏರೋಗ್ರಾಮುಗಳ ಕಟ್ಟು. ಓಡಿಹೋದ ಮಗನದೂ ಯುದ್ಧಕ್ಕೆ ಹೋದ ಮಗನದೂ ಒಂದೇ ಡಬ್ಬಿಯಲ್ಲಿ. ಮಕ್ಕಳಿಬ್ಬರೂ ಮಾತು ಬಿಟ್ಟಿದ್ದ ವರ್ಷಗಳಲ್ಲಿ ಆ ತಾಯಿ ಡಬ್ಬಿಯನ್ನು ಹಾಸಿಗೆಯ ಕೆಳಗೆ ಇಟ್ಟುಕೊಂಡಿದ್ದರಂತೆ.

ಚಿಕ್ಕಪ್ಪ ಫೋಟೊ ಕೈಗೆ ತೆಗೆದುಕೊಂಡು ನೋಡಿದರು. ಆಮೇಲೆ ಮೇಜಿನ ಆ ತುದಿಯಲ್ಲಿದ್ದ ಅಣ್ಣನಿಗೆ ಕೊಟ್ಟು, ಕಾಫಿ ತಣ್ಣಗಾಗುತ್ತಿದೆ ಕುಡಿ ಎಂದರು.